ಪಣಜಿಯೋ ಮಂಗಳೂರೋ: ಬೆಳಗಾವಿ ಸೀಮೆಯವರು ಕಡಲೂರಿನ ಪೇಟೆ ನೋಡಲು ಎಲ್ಲಿಗೆ ಹೋಗಬೇಕು?

ಬೆಳಗಾವಿಯಲ್ಲಿ ಯಾರಾದರೂ “ಸಮುದ್ರ ನೋಡಿ ಬರೂಣು” ಅಂದರೆ ಮಾತು ನೇರ ಗೋವಾಕ್ಕೆ ಹೋಗಿ ನಿಲ್ಲುತ್ತದೆ. ಗೋವಾ ಅಂದರೆ ಕಲಂಗುಟ್, ಬಾಗಾ. ಶನಿವಾರ ನಸುಕಿನಲ್ಲಿ ಗಾಡಿ ಹೊರಡುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಉಸುಕಿನ ಮೇಲೆ ನಿಂತು ಫೋಟೊ ತೆಗೆದದ್ದಾಗುತ್ತದೆ, ಭಾನುವಾರ ರಾತ್ರಿ ಮನೆ. ಪಣಜಿಯನ್ನು ಸೇತುವೆಯ ಮೇಲಿಂದ ಕಂಡು ದಾಟಿ ಹೋಗುವವರೇ ನಮ್ಮಲ್ಲಿ ಹೆಚ್ಚು. ಮಂಗಳೂರಿನ ಕತೆಯೂ ಅಷ್ಟೇ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋದವರು ಊರಿನ ಬಸ್ ನಿಲ್ದಾಣದಲ್ಲಿ ಇಳಿದು ಹತ್ತಿದ್ದು ಬಿಟ್ಟರೆ ಒಳಗೆ ಕಾಲಿಟ್ಟಿರುವುದಿಲ್ಲ.

ಬೀಚ್ ಬಿಟ್ಟು ಊರನ್ನೇ ನೋಡಬೇಕು, ಹಳೆಯ ಪೇಟೆಯಲ್ಲಿ ತಿರುಗಬೇಕು, ಒಂದು ಚಿತ್ರಪ್ರದರ್ಶನವೋ ಆಟವೋ ನೋಡಿ ಬರಬೇಕು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಮೂರು ಜಿಲ್ಲೆಗಳಿಂದ ಹೋಗಿ ಬರಬಹುದಾದ ಕಡಲೂರುಗಳು ನಾಲ್ಕು: ಪಣಜಿ, ಮಂಗಳೂರು, ಕೊಚ್ಚಿ, ಕಾರವಾರ. ನಿಜವಾದ ಪೈಪೋಟಿ ಮೊದಲಿನ ಎರಡರ ನಡುವೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಎರಡು ದಿನ ಇದ್ದು, ನಡೆದು ತಿರುಗುವ ಉಮೇದಿದ್ದರೆ ಪಣಜಿ. ಮೂರು ದಿನ ಇದ್ದು, ಮನೆಯ ಹಿರಿಯರು ಜೊತೆಗಿದ್ದರೆ, ರಂಗದ ಮೇಲೆ ಕನ್ನಡ ಕೇಳುವ ಆಸೆಯೂ ಇದ್ದರೆ ಮಂಗಳೂರು. ಯಾಕೆ ಎನ್ನುವುದನ್ನು ಕೆಳಗೆ ಬಿಡಿಸಿ ಹೇಳುತ್ತೇನೆ.

ಪಣಜಿ: ಖಾಲಿ ಬಿದ್ದ ಕಟ್ಟಡಗಳು ಕಲೆಯ ಮನೆಗಳಾದ ಊರು

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಹಾದು ಪಣಜಿಗೆ ಸುಮಾರು 115 ಕಿ.ಮೀ. ದಾರಿ ಚೆನ್ನಾಗಿದ್ದರೆ ಮೂರು ತಾಸು. ಈ ದಾರಿಯಲ್ಲಿ ನಮ್ಮ ಸೀಮೆಯ ಒಂದು ದೊಡ್ಡ ಸಂಗತಿ ಅಡಗಿದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದು, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ಖಾನಾಪುರ ತಾಲ್ಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟಿದ ಮಹದಾಯಿ ಪಶ್ಚಿಮಕ್ಕೆ ಇಳಿದು, ಮಾಂಡವಿ ಎಂಬ ಹೆಸರು ಹೊತ್ತು, ಪಣಜಿಯ ಮುಂದೆ ಸಮುದ್ರ ಸೇರುತ್ತದೆ. ಮಹದಾಯಿಯ ಹೆಸರನ್ನು ನೀರಿನ ತಕರಾರಿನ ಸುದ್ದಿಯಲ್ಲಿ ಮಾತ್ರ ಕೇಳಿದ ಮಕ್ಕಳನ್ನು ಪಣಜಿಯ ದಂಡೆಯ ಮೇಲೆ ನಿಲ್ಲಿಸಿ, ಇದು ನಮ್ಮ ಖಾನಾಪುರದ ಕಾಡಿನಿಂದ ಬಂದ ನೀರು ಎಂದು ತೋರಿಸಲೇಬೇಕು.

ಬಸ್ಸಿನಲ್ಲಿ ಹೋಗುವವರಿಗೆ ಪಣಜಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ನಮ್ಮ ಸಾರಿಗೆಯ ಬಸ್ಸೂ ಗೋವಾದ ಕದಂಬ ಬಸ್ಸೂ ಪಾಟ್ಟೊ ಎಂಬಲ್ಲಿನ ನಿಲ್ದಾಣಕ್ಕೆ ಹೋಗುತ್ತವೆ. ಅಲ್ಲಿಂದ ಔರೆಮ್ ಎಂಬ ಹಳ್ಳ ದಾಟಿದರೆ ಫೊಂಟೈನ್ಹಾಸ್ ಬಂದೇಬಿಟ್ಟಿತು. ಅಲ್ಟಿನ್ಹೊ ಗುಡ್ಡದ ಬುಡಕ್ಕೆ ಅಂಟಿಕೊಂಡ ಹಳೆಯ ಕೇರಿ ಅದು. ಹಳದಿ, ನೀಲಿ, ಇಟ್ಟಿಗೆಗೆಂಪು ಗೋಡೆಗಳು, ಮುಂದಕ್ಕೆ ಚಾಚಿದ ಕಟ್ಟಿಗೆಯ ಬಾಲ್ಕನಿಗಳು, ಕೈಯಿಂದ ಬರೆದ ಹೆಂಚಿನ ಹೆಸರುಫಲಕಗಳು. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಕಾರಿನಲ್ಲಿ ನೋಡುತ್ತೇನೆಂದರೆ ಆಗುವುದೇ ಇಲ್ಲ. ಗಾಡಿಯನ್ನು ಪಾಟ್ಟೊ ಕಡೆಯೇ ನಿಲ್ಲಿಸಿ ನಡೆಯಬೇಕು. ಬೆಳಿಗ್ಗೆ ಎಂಟು ಗಂಟೆಯೊಳಗೆ ಹೋದರೆ ಬೆಳಕೂ ಚೆಂದ, ಗದ್ದಲವೂ ಇಲ್ಲ. ಒಂದು ಮಾತು ಬಿಡಿಸಿ ಹೇಳಬೇಕು: ಅವು ಜನ ವಾಸವಿರುವ ಮನೆಗಳು. ಮೆಟ್ಟಿಲ ಮೇಲೆ ಕುಳಿತು, ಕಿಟಕಿಗೆ ಒರಗಿ ಫೋಟೊ ತೆಗೆಸಿಕೊಳ್ಳುವವರ ಕಾಟದಿಂದ ಅಲ್ಲಿನವರು ಬೇಸತ್ತಿದ್ದಾರೆ. ನಮ್ಮ ಮನೆಯ ಕಟ್ಟೆಯ ಮೇಲೆ ದಿನಾ ನೂರು ಮಂದಿ ಬಂದು ನಿಂತರೆ ನಮಗೆ ಹೇಗಾದೀತು ಎಂದು ಯೋಚಿಸಿ ನಡೆದುಕೊಂಡರೆ ಸಾಕು.

ಅಲ್ಲಿಂದ ನದಿಯ ಕಡೆ ನಡೆದರೆ ಸಿಗುವ ಹಳೆಯ ಸಚಿವಾಲಯವನ್ನು ವಿಜಯಪುರದವರು ತಪ್ಪಿಸಬಾರದು. ಅದು ಮೂಲದಲ್ಲಿ ಆದಿಲ್‌ಶಾಹಿಗಳ ಅರಮನೆ. ಸುಮಾರು 1500ರ ಹೊತ್ತಿಗೆ ಯೂಸುಫ್ ಆದಿಲ್ ಶಾ ಮಾಂಡವಿಯ ದಂಡೆಯ ಮೇಲೆ ಕಟ್ಟಿಸಿದ್ದು. ಗೋಲಗುಮ್ಮಟ ಮುಗಿದದ್ದು 1656ರಲ್ಲಿ. ಹಾಗೆ ನೋಡಿದರೆ ಪಣಜಿಯ ಈ ಅರಮನೆ ಅದಕ್ಕಿಂತ ನೂರೈವತ್ತು ವರ್ಷ ಹಿರಿಯದು. 1510ರ ನವೆಂಬರಿನಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾವನ್ನು ಆದಿಲ್‌ಶಾಹಿಗಳ ಕೈಯಿಂದ ಕಸಿದ ಮೇಲೆ ಈ ಕಟ್ಟಡ ವೈಸರಾಯರ ಬಂಗಲೆಯಾಯಿತು, ಸಚಿವಾಲಯವಾಯಿತು, ಗೋವಾ ವಿಧಾನಸಭೆಯಾಯಿತು. 2000ದಲ್ಲಿ ವಿಧಾನಸಭೆ ಪೊರ್ವೊರಿಮ್‌ಗೆ ಹೋಯಿತು. ಕಮಾನು, ಗುಮ್ಮಟಗಳನ್ನು ನಿರೀಕ್ಷಿಸಿ ಹೋಗಬೇಡಿ. ಪೋರ್ಚುಗೀಸರು ಅದನ್ನು ಪೂರ್ತಿ ತಮ್ಮ ರೀತಿಗೆ ತಿರುಗಿಸಿದ್ದಾರೆ, ಇಳಿಜಾರು ಹೆಂಚಿನ ಮಾಡು, ಸಾಲು ಕಿಟಕಿಗಳು. ಆದರೆ ವಿಜಯಪುರದ ರಾಜ್ಯಕ್ಕೆ ಒಂದು ಕಾಲದಲ್ಲಿ ಬಂದರಿತ್ತು, ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಕರಾವಳಿ ಇತ್ತು ಎನ್ನುವುದು ಅಲ್ಲಿ ನಿಂತಾಗ ಮನಸ್ಸಿಗೆ ಇಳಿಯುತ್ತದೆ. ಅಲ್ಲಿಂದ ಸುಮಾರು 10 ಕಿ.ಮೀ. ದೂರದ ಹಳೆ ಗೋವಾದಲ್ಲಿ ಆದಿಲ್ ಶಾನ ಇನ್ನೊಂದು ಅರಮನೆಯ ಕಪ್ಪು ಕಲ್ಲಿನ ಬಾಗಿಲು ಮಾತ್ರ ಉಳಿದು ನಿಂತಿದೆ. ಬಾಸಿಲಿಕಾ ನೋಡಲು ಹೋಗುವವರು ಸೇಂಟ್ ಕ್ಯಾಜೆಟನ್ ಚರ್ಚಿನ ಬಳಿ ಅದನ್ನೂ ನೋಡಿ ಬನ್ನಿ. ಅಲ್ಲಿ ಫೋಟೊ ತೆಗೆಯುವವರ ಗುಂಪು ಇರುವುದಿಲ್ಲ.

ಸಚಿವಾಲಯದ ಪಕ್ಕದಲ್ಲೇ ಅಬ್ಬೆ ಫಾರಿಯಾನ ಪ್ರತಿಮೆ ಇದೆ. ಗೋವಾದ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ, ಪ್ಯಾರಿಸ್ಸಿಗೆ ಹೋಗಿ, ಸಮ್ಮೋಹನ ವಿದ್ಯೆಯನ್ನು ಶಾಸ್ತ್ರದ ದಾರಿಗೆ ತಂದವರಲ್ಲಿ ಒಬ್ಬನಾದ ಪಾದ್ರಿ ಅವನು. ಒಬ್ಬ ಹೆಂಗಸಿನ ಮೇಲೆ ಎರಡೂ ಕೈ ಚಾಚಿ ನಿಂತ ಆ ಮೂರ್ತಿಯ ಕತೆ ಹೇಳಿದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಪಣಜಿಯ ಪೇಟೆ ಮತ್ತೆ ಜೀವ ಪಡೆದ ಬಗೆ ನಮ್ಮ ಊರುಗಳಿಗೂ ಪಾಠವಾಗಬಲ್ಲದು. ದೊಡ್ಡ ಕಚೇರಿ, ಆಸ್ಪತ್ರೆಗಳು ಊರ ಹೊರಗೆ ಹೋದಾಗ ಹಳೆಯ ಕಟ್ಟಡಗಳು ಖಾಲಿ ಬಿದ್ದವು. ಅವನ್ನು ಕೆಡವಲಿಲ್ಲ. ವೈದ್ಯಕೀಯ ಕಾಲೇಜು ಬಾಂಬೋಳಿಗೆ ಹೋದ ಮೇಲೆ ಉಳಿದ ಅದರ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ, 2004ರಿಂದ ಗೋವಾದಲ್ಲೇ ನಡೆಯುತ್ತಿರುವ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಬಳಸಿದರು. 2016ರಲ್ಲಿ ಶುರುವಾದ ಸೆರೆಂಡಿಪಿಟಿ ಕಲಾ ಉತ್ಸವ ಡಿಸೆಂಬರಿನಲ್ಲಿ ಇಂಥ ಕಟ್ಟಡಗಳನ್ನೇ ಪ್ರದರ್ಶನಾಲಯ ಮಾಡಿಕೊಳ್ಳುತ್ತದೆ. ಚಿತ್ರ, ನಾಟಕ, ಸಂಗೀತ, ಅಡುಗೆ, ಕುಶಲಕಲೆ ಎಲ್ಲವೂ ಒಂದೇ ವಾರದಲ್ಲಿ, ನಡೆದು ಹೋಗುವಷ್ಟು ಹತ್ತಿರ. ಹೆಸರು ನೋಂದಾಯಿಸಿಕೊಂಡರೆ ಬಹುತೇಕ ಪ್ರದರ್ಶನಗಳಿಗೆ ಟಿಕೆಟ್ ಇಲ್ಲ. ಚಿತ್ರಕಲೆ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ವರ್ಷದ ಬೇರೆ ಯಾವ ಪ್ರವಾಸ ಬಿಟ್ಟರೂ ಇದನ್ನು ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಉತ್ಸವ ಇಲ್ಲದ ದಿನಗಳಲ್ಲೂ ಬರಿಗೈಯಲ್ಲಿ ಬರಬೇಕಾಗಿಲ್ಲ. ಕಂಪಾಲ್‌ನಲ್ಲಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಲಾ ಅಕಾಡೆಮಿ ಇದೆ. ಬೀದಿಯಿಂದ ಒಳಗೆ ಹೊಕ್ಕು ಹಾಗೇ ನದಿಯ ದಂಡೆಗೆ ಹೋಗುವಂತೆ ಕಟ್ಟಿದ ಕಟ್ಟಡ. ಕೊಂಕಣಿ ತಿಯಾತ್ರವೋ ಮರಾಠಿ ನಾಟಕವೋ ಆ ದಿನ ಇದ್ದರೆ ಟಿಕೆಟ್ ಕೊಂಡು ಕೂಡಿ. ಮರಾಠಿ ಕಿವಿಗೆ ಬಿದ್ದು ಬೆಳೆದ ಬೆಳಗಾವಿಯವರಿಗೆ ತಿಯಾತ್ರದ ಅರ್ಧದಷ್ಟಾದರೂ ತಿಳಿಯುತ್ತದೆ. ಆಜಾದ್ ಮೈದಾನದ ಬಳಿಯ ಮೆನೆಜಿಸ್ ಬ್ರಗಾಂಝಾ ಸಂಸ್ಥೆಯ ಪ್ರವೇಶದ ಗೋಡೆಗಳ ಮೇಲೆ ನೀಲಿ-ಬಿಳಿ ಹೆಂಚುಗಳಲ್ಲಿ ಪೋರ್ಚುಗೀಸ್ ಮಹಾಕಾವ್ಯವೊಂದರ ದೃಶ್ಯಗಳಿವೆ. ಹತ್ತು ನಿಮಿಷದ ಕೆಲಸ, ಆದರೆ ನೆನಪಿನಲ್ಲಿ ಉಳಿಯುತ್ತದೆ.

ಪಣಜಿಯಲ್ಲಿ ನನಗೆ ಹಿಡಿಸದ್ದು ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳು. ಸಂಜೆಯಾದರೆ ಆ ಇಡೀ ರಸ್ತೆ ಅವುಗಳ ದೀಪ, ಅವುಗಳ ಗಿರಾಕಿಗಳದ್ದೇ. ಮನೆಮಂದಿಯೊಂದಿಗೆ ಹೋದವರು ಸಂಜೆ ಕಂಪಾಲ್ ಕಡೆಗೋ ಮಿರಾಮಾರ್ ಕಡೆಗೋ ಸಾಗುವುದು ಒಳ್ಳೆಯದು. ಟ್ಯಾಕ್ಸಿ ದುಬಾರಿ. ಒಬ್ಬರೇ ಇದ್ದರೆ ‘ಪೈಲಟ್’ ಎಂದು ಕರೆಯುವ ಬಾಡಿಗೆ ಬೈಕುಗಳಿವೆ, ದರ ಮೊದಲೇ ಮಾತಾಡಿಕೊಂಡು ಹತ್ತಬೇಕು.

ಮಂಗಳೂರು: ಓದಿ, ಬರೆದು, ಆಡಿ ಬೆಳೆದ ಊರು

ಮಂಗಳೂರಿನ ದಾರಿ ದೂರ. ಬೆಳಗಾವಿಯಿಂದ ಹುಬ್ಬಳ್ಳಿ, ಅಂಕೋಲಾ ಮೇಲೆ ನಾನೂರು ಕಿ.ಮೀ. ದಾಟುತ್ತದೆ, ರಾತ್ರಿ ಬಸ್ಸೇ ಗತಿ. ಆದರೆ ವಿಜಯಪುರ, ಬಾಗಲಕೋಟೆಯವರಿಗೆ ಇಲ್ಲಿ ನಮಗಿಂತ ಅನುಕೂಲ ಹೆಚ್ಚು. ವಿಜಯಪುರದಿಂದ ಹೊರಡುವ ಮಂಗಳೂರು ರೈಲು ಬಾಗಲಕೋಟೆ, ಗದಗ, ಹುಬ್ಬಳ್ಳಿ, ಹಾಸನದ ಮೇಲೆ ಹಾದು, ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟವನ್ನು ಇಳಿದು ಹೋಗುತ್ತದೆ. ಹಿರಿಯರು ಮಲಗಿಕೊಂಡು ಹೋಗಬಹುದು, ಸೊಂಟ ಉಳಿಯುತ್ತದೆ.

ಪಣಜಿಯಂತೆ ಒಂದೇ ಕೇರಿಯಲ್ಲಿ ಎಲ್ಲವೂ ಇಲ್ಲಿ ಸಿಗುವುದಿಲ್ಲ. ಊರು ಗುಡ್ಡಗಳ ಮೇಲೆ ಹರಡಿದೆ, ಒಂದು ಏರಿದರೆ ಇನ್ನೊಂದು ಇಳಿಯಬೇಕು. ಹಂಪನಕಟ್ಟೆಯನ್ನು ನಡುವಿಟ್ಟುಕೊಂಡು ಆಟೊದಲ್ಲಿ ತಿರುಗುವುದು ಸರಿ. ಇಲ್ಲಿನ ಆಟೊದವರು ಮೀಟರ್ ಹಾಕುತ್ತಾರೆ. ಸ್ಮಾರ್ಟ್ ಸಿಟಿ ಕಾಮಗಾರಿಯಲ್ಲಿ ಪೇಟೆಯ ರಸ್ತೆ, ಕಾಲುದಾರಿಗಳು ಅಗಲವಾದವು, ಹಿಂದೆ ಕೆಡವಿದ್ದ ಹಂಪನಕಟ್ಟೆಯ ಗಡಿಯಾರ ಗೋಪುರ ಮತ್ತೆ ಎದ್ದು ನಿಂತಿತು. ಆದರೂ ಮಂಗಳೂರಿನ ಬೆಲೆ ಇರುವುದು ಹೊಸದಾಗಿ ಕಟ್ಟಿದ್ದರಲ್ಲಿ ಅಲ್ಲ, ಒಮ್ಮೆಯೂ ನಿಲ್ಲದೆ ನಡೆದುಕೊಂಡು ಬಂದ ಸಂಸ್ಥೆಗಳಲ್ಲಿ.

ಮೊದಲು ನೋಡಬೇಕಾದದ್ದು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ. ಆಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಜೆಸುಯಿಟ್ ಸಹೋದರ 1899ರಿಂದ 1901ರವರೆಗೆ ಇದರ ಗೋಡೆ, ಛತ್ತುಗಳ ಮೇಲೆ ಚಿತ್ರ ಬರೆದ. ಕೈಯಗಲದ ಜಾಗವನ್ನೂ ಖಾಲಿ ಬಿಟ್ಟಿಲ್ಲ. ಬೆಂಚಿನ ಮೇಲೆ ಕುಳಿತು, ತಲೆ ಎತ್ತಿ, ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ಕಾಯಬೇಕು. ಆಮೇಲೆ ಒಂದೊಂದೇ ಮುಖ ಕಾಣತೊಡಗುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಅಳಿದುಳಿದ ಬಣ್ಣದ ತುಣುಕುಗಳನ್ನು ಹುಡುಕಿ ನೋಡಿದ ಬಾಗಲಕೋಟೆಯವರಿಗೆ ಗೋಡೆಚಿತ್ರ ಪೂರ್ತಿ ಉಳಿದರೆ ಹೇಗಿರುತ್ತದೆ ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ಒಳಗೆ ಫೋಟೊ ತೆಗೆಯಲು ಬಿಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಕಣ್ಣಿನಿಂದ ನೋಡುವುದೇ ಚೆಂದ.

ಅಲ್ಲೇ ಮೇಲೆ ಬಾವುಟಗುಡ್ಡೆ. 1824ರ ಕಿತ್ತೂರಿನ ಕತೆ ಬಾಯಿಪಾಠವಾದ ನಮ್ಮ ಮಕ್ಕಳಿಗೆ 1837ರ ಮಂಗಳೂರಿನ ಕತೆ ಗೊತ್ತಿರುವುದಿಲ್ಲ. ಕೊಡಗು, ಸುಳ್ಯದ ಕಡೆಯಿಂದ ಎದ್ದು ಬಂದ ರೈತರ ದಂಡು ಕಂಪನಿಯ ಬಾವುಟ ಇಳಿಸಿ, ಇದೇ ಗುಡ್ಡೆಯ ಮೇಲೆ ತಮ್ಮ ಬಾವುಟ ಏರಿಸಿ, ಹದಿಮೂರು ದಿನ ಊರನ್ನು ಕೈಯಲ್ಲಿಟ್ಟುಕೊಂಡಿತ್ತು. ಆ ಹೋರಾಟದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲಿದೆ. ಚನ್ನಮ್ಮನ ನಾಡಿನವರು ಒಂದು ಗಳಿಗೆ ಅಲ್ಲಿ ನಿಂತು ಬರುವುದು ನಮ್ಮ ಕರ್ತವ್ಯ ಎಂದೇ ನನ್ನ ಭಾವನೆ.

ಓದುವ ಹುಚ್ಚಿರುವವರಿಗೆ ಮಂಗಳೂರು ಯಾತ್ರಾಸ್ಥಳ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಪಾದ್ರಿಗಳ ಸಂಸ್ಥೆ ಇಲ್ಲಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಮೋಗ್ಲಿಂಗ್ 1843ರಲ್ಲಿ ಹೊರತಂದದ್ದು ಇಲ್ಲಿಂದಲೇ. ಧಾರವಾಡದಲ್ಲಿ ಕೆಲಸ ಶುರುಮಾಡಿದ ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿ. ಬೆಳಗಾವಿಯ ಹಳೆಯ ಮನೆಗಳ ಮಾಡಿನ ಮೇಲಿನ ಮಂಗಳೂರು ಹೆಂಚು, 1865ರಲ್ಲಿ ಇದೇ ಮಿಶನ್ ಶುರುಮಾಡಿದ ಹೆಂಚಿನ ಕಾರ್ಖಾನೆಯ ಸಂತತಿ. ಮಿಶನ್ನಿನ ನೆಲೆಯಾಗಿದ್ದ ಬಲ್ಮಠದ ಗುಡ್ಡದ ಮೇಲೆ ಒಂದು ಸುತ್ತು ಹಾಕಿದರೆ ನಾವು ಆಡುವ ಭಾಷೆ ಅಚ್ಚಿನ ಮೊಳೆಗೆ ಇಳಿದ ಜಾಗ ಕಾಣುತ್ತದೆ.

ಕದ್ರಿಗೆ ದೇವರಿಗಾಗಿ ಹೋದರೂ ಶಿಲ್ಪಕ್ಕಾಗಿ ನಿಲ್ಲಿ. 968ರ ಶಾಸನವಿರುವ, ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿ ಅಲ್ಲಿದೆ. ದಕ್ಷಿಣ ಭಾರತದ ಕಂಚಿನ ಕೆಲಸದಲ್ಲಿ ಬಹಳ ದೊಡ್ಡ ಹೆಸರು ಅದರದ್ದು. ಕುದ್ರೋಳಿಯ ಗೋಕರ್ಣನಾಥ, ಬಂದರಿನ ಝೀನತ್ ಬಕ್ಷ್ ಮಸೀದಿಯ ಕಟ್ಟಿಗೆಯ ಕೆತ್ತನೆ, ಬಿಜೈ ಮ್ಯೂಸಿಯಂ, ಇವು ಸಮಯವಿದ್ದರೆ. ಮಕ್ಕಳಿದ್ದರೆ ಪಿಲಿಕುಳಕ್ಕೆ ಅರ್ಧ ದಿನ ತೆಗೆದಿಡಿ. ತಾರಾಲಯ, ಪ್ರಾಣಿಗಳು, ಕುಶಲಕರ್ಮಿಗಳ ಕೇರಿ ಎಲ್ಲವೂ ಒಂದೇ ಕಡೆ. ಸಮುದ್ರ ಬೇಕೇಬೇಕೆಂದರೆ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ಹೋಗಿ. ಪಣಂಬೂರಿಗಿಂತ ಗದ್ದಲ ಕಡಿಮೆ.

ಆದರೆ ಮಂಗಳೂರಿನ ಕಲೆ ಗೋಡೆಗಿಂತ ರಂಗಸ್ಥಳದಲ್ಲಿ ಹೆಚ್ಚು ಇದೆ. ನವೆಂಬರಿನಿಂದ ಮೇವರೆಗೆ ಯಕ್ಷಗಾನದ ಮೇಳಗಳು ತಿರುಗಾಟದಲ್ಲಿರುತ್ತವೆ. ಕಟೀಲಿನಂಥ ಕ್ಷೇತ್ರಗಳ ಮೇಳದ ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂಡಬಹುದು. ಇಂದು ಎಲ್ಲಿ ಆಟ ಎಂದು ಹೋಟೆಲಿನವರನ್ನೋ ಆಟೊದವರನ್ನೋ ಕೇಳಿದರೆ ಹೇಳುತ್ತಾರೆ. ಪಾರಿಜಾತ, ಸಣ್ಣಾಟ, ದೊಡ್ಡಾಟ ನೋಡಿ ಬೆಳೆದ ನಮ್ಮ ಕಡೆಯ ಹಿರಿಯರಿಗೆ ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ತೆಂಕಣ ಶೈಲಿಯ, ಚೆಂಡೆ ಕಿವಿಗೆ ಬಿದ್ದರೆ ಅವರು ಮಗ್ಗುಲಾಗುವುದಿಲ್ಲ. ನಮ್ಮ ಪಾರಿಜಾತದಲ್ಲಿ ಹಾಡಿನ ಎಳೆತ ಮುಖ್ಯ, ಇಲ್ಲಿ ಪಾತ್ರಧಾರಿಗಳು ನಿಂತ ನಿಲುವಿನಲ್ಲೇ ವಾದ ಹೂಡುತ್ತಾರೆ. ಅರ್ಥಗಾರಿಕೆ ಎನ್ನುವ ಆ ಮಾತುಗಾರಿಕೆಯ ಕನ್ನಡ ಎಷ್ಟು ಶುದ್ಧವೆಂದರೆ ಒಂದು ಇಂಗ್ಲಿಷ್ ಶಬ್ದ ನುಸುಳುವುದಿಲ್ಲ. ದಸರೆಯ ಹೊತ್ತಿಗೆ ಹೋದರೆ ಹುಲಿವೇಷ, ಕುದ್ರೋಳಿಯ ಮೆರವಣಿಗೆ. ಆಗ ರೂಮ್ ಸಿಗುವುದು ಕಷ್ಟ, ಮುಂಚೆಯೇ ಹಿಡಿದಿಡಬೇಕು.

ಊಟದ ಮಾತು

ನಮ್ಮಲ್ಲಿ ಸಸ್ಯಾಹಾರದ ಮನೆಗಳು ಬಹಳ, ಹಿರಿಯರು ಕಂಡಕಂಡಲ್ಲಿ ಉಣ್ಣುವುದಿಲ್ಲ. ಆ ಲೆಕ್ಕದಲ್ಲಿ ಮಂಗಳೂರು ಗೆಲ್ಲುತ್ತದೆ. ಬನ್ಸ್, ಗೋಳಿಬಜೆ, ನೀರುದೋಸೆ, ಹಲಸಿನೆಲೆಯ ಕೊಟ್ಟೆ ಕಡುಬು, ಮಳೆಗಾಲದಲ್ಲಿ ಪತ್ರೊಡೆ, ಕೊನೆಗೆ ಗಡ್‌ಬಡ್ ಐಸ್‌ಕ್ರೀಂ. ಮೀನು, ಕೋಳಿ ತಿನ್ನುವವರಿಗೆ ಕೋರಿ ರೊಟ್ಟಿ ಇದೆ. ಅದರ ಅಕ್ಕಿರೊಟ್ಟಿಯ ಗರಿಗರಿ ನಮ್ಮ ಕಟಿರೊಟ್ಟಿಯ ಅಭ್ಯಾಸವಿದ್ದವರಿಗೆ ಬೇಗ ಹಿಡಿಸುತ್ತದೆ. ಪಣಜಿಯಲ್ಲಿ ಬೆಳಗಿನ ನಾಷ್ಟಾಕ್ಕೆ ಪಾವ್ ಮತ್ತು ಪಾತಳ ಭಾಜಿ ಕೊಡುವ ಹಳೆಯ ಚಹಾದಂಗಡಿಗಳನ್ನು ಹುಡುಕಿ ಹೋಗಿ. ಆ ಭಾಜಿಯ ಕಾಯಿಪಲ್ಲೆ ಬಹಳ ಸಲ ನಮ್ಮ ಬೆಳಗಾವಿ ಮಾರ್ಕೆಟ್ಟಿನಿಂದಲೇ ಘಾಟ್ ಇಳಿದು ಹೋಗಿರುತ್ತದೆ. ಮಾತಿನ ಚಿಂತೆ ಬೇಡ. ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಹೋಗಿ ನೆಲೆಸಿದ ಮಂದಿ ಗೋವಾದ ಊರೂರಲ್ಲಿ ಇದ್ದಾರೆ. ಮಾರುಕಟ್ಟೆಯಲ್ಲಿ ನಮ್ಮ ಕಡೆಯ ಕನ್ನಡ ಕೇಳಿದರೆ ನಿಂತು ಮಾತಾಡಿಸಿ, ಊರಿನ ಸುದ್ದಿ ಕೇಳಿದರೆ ಅವರಿಗೆ ಆಗುವ ಸಂತೋಷ ದೊಡ್ಡದು.

ಉಳಿದ ಎರಡು

ಕೊಚ್ಚಿಗೆ ಬಿನಾಲೆ ಇದ್ದಾಗ ಮಾತ್ರ ಇಲ್ಲಿಂದ ಹೋಗುವುದು ಸಾರ್ಥಕ. 2012ರ ಡಿಸೆಂಬರ್ 12ರಂದು ಶುರುವಾದ ಈ ಕಲಾಮೇಳ ಡಿಸೆಂಬರಿನಿಂದ ಮಾರ್ಚ್-ಏಪ್ರಿಲ್ ತನಕ ನಡೆಯುತ್ತದೆ, ಪ್ರತಿ ವರ್ಷ ಇರುವುದಿಲ್ಲ. ಹಳೆಯ ಮಸಾಲೆ ಗೋದಾಮುಗಳಲ್ಲಿ ಜಗತ್ತಿನ ಕಲಾವಿದರ ಕೆಲಸ ನೋಡಲು ಸಿಗುವುದು ನಮ್ಮ ದೇಶದಲ್ಲಿ ಅಪರೂಪ. ಜೊತೆಗೆ 1568ರ ಯೆಹೂದಿ ಪ್ರಾರ್ಥನಾಲಯ, ಮಟ್ಟಾಂಚೇರಿ ಅರಮನೆಯ ರಾಮಾಯಣದ ಗೋಡೆಚಿತ್ರಗಳು, 2023ರಲ್ಲಿ ಶುರುವಾದ ವಾಟರ್ ಮೆಟ್ರೊ. ಕಲೆಯೇ ಮುಖ್ಯ ಎನ್ನುವವರಿಗೆ ಇದು ಪಣಜಿಗಿಂತಲೂ ಮೇಲು, ಆದರೆ ಹೋಗಿ ಬರಲು ಐದು ದಿನ ಬೇಕು.

ಕಾರವಾರ ನನಗೆ ಪ್ರೀತಿಯ ಊರು. ತರುಣ ರವೀಂದ್ರನಾಥ ಠಾಕೂರರು ನ್ಯಾಯಾಧೀಶನಾಗಿದ್ದ ಅಣ್ಣನ ಮನೆಗೆ ಬಂದು ತಂಗಿದ್ದ ಕಡಲತೀರ, ಕಾಳಿ ನದಿಯ ಅಳಿವೆ, ದಂಡೆಗೆ ತಂದು ನಿಲ್ಲಿಸಿದ ಯುದ್ಧನೌಕೆ ಐಎನ್‌ಎಸ್ ಚಪಲ್. ಪೇಟೆ, ಕಲೆ ಎಂದು ಹುಡುಕಿ ಹೋದರೆ ಅಲ್ಲಿ ಒಂದು ದಿನಕ್ಕೂ ಸಾಲುವುದಿಲ್ಲ. ಚಿಕ್ಕ ಮಕ್ಕಳಿಗೆ ಸಮುದ್ರ ತೋರಿಸಲು ಮಾತ್ರ ಚೆಂದ.

ಯಾವಾಗ, ಹೇಗೆ

ಪಣಜಿಗೆ ಒಳ್ಳೆಯ ಕಾಲ ನವೆಂಬರಿನ ಕೊನೆಯ ವಾರದಿಂದ ಡಿಸೆಂಬರ್ 20ರ ಒಳಗೆ. ಚಿತ್ರೋತ್ಸವ, ಹಳೆ ಗೋವಾದ ಡಿಸೆಂಬರ್ 3ರ ಫೆಸ್ತ (ಚರ್ಚಿನ ಹಬ್ಬ), ಪಣಜಿಯ ಬಿಳಿ ಚರ್ಚಿನ 8ರ ಫೆಸ್ತ, ಕಲಾ ಉತ್ಸವ ಎಲ್ಲ ಈ ಅವಧಿಯಲ್ಲೇ. ಅದು ದಾಟಿ ಕ್ರಿಸ್‌ಮಸ್ ಬಂತೆಂದರೆ ರೂಮಿನ ದರ ಕೈಗೆ ಸಿಗುವುದಿಲ್ಲ. ಫೆಬ್ರವರಿಯ ಕಾರ್ನಿವಲ್, ಮಾರ್ಚಿನ ಶಿಗ್ಮೊ ಎಂಬ ಹೋಳಿಯ ಹೊತ್ತಿನ ಹಬ್ಬದ ಮೆರವಣಿಗೆಗಳೂ ನೋಡುವಂಥವು. ಮಂಗಳೂರಿನ ದರಗಳಲ್ಲಿ ಅಷ್ಟು ಏರುಪೇರಿಲ್ಲ. ಮಾರ್ಚ್ ಕಳೆದ ಮೇಲೆ ಅಲ್ಲಿನ ಬೆವರು ಬಯಲುಸೀಮೆಯವರಿಗೆ ತಡೆಯದು, ಜನವರಿಯಲ್ಲಿ ಹೋಗಿ.

ವಾರದ ನಡುವೆ ಹೋಗಲು ಸಾಧ್ಯವಿದ್ದರೆ ಮಂಗಳವಾರ ಹೊರಡಿ. ಸೋಮವಾರ ಸರ್ಕಾರಿ ಮ್ಯೂಸಿಯಂಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ಇರುವುದರಿಂದ ಒಳಗೆ ಅಡ್ಡಾಡುವುದು ಸರಿಯಲ್ಲ. ವಿಜಯಪುರದಿಂದ ಪಣಜಿಗೆ ಹೋಗುವವರು ಒಂದೇ ಓಟಕ್ಕೆ ಹೋಗದೆ ಬೆಳಗಾವಿಯಲ್ಲಿ ರಾತ್ರಿ ಉಳಿದು ನಸುಕಿನಲ್ಲಿ ಘಾಟ್ ಇಳಿಯಿರಿ. ಮಳೆಗಾಲದಲ್ಲಿ ಚೋರ್ಲಾ ರಸ್ತೆ ಕೆಡುತ್ತದೆ, ಮಂಜು ಕವಿಯುತ್ತದೆ. ಆಗ ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ಜಾಂಬೋಟಿಯಲ್ಲೇ ವಿಚಾರಿಸಿ. ಯಾವ ಕಾಲವಾದರೂ ಮರಳುವಾಗ ಪಣಜಿಯಿಂದ ಮಧ್ಯಾಹ್ನ ಮೂರಕ್ಕೇ ಹೊರಟರೆ ಬೆಳಕಿರುವಾಗಲೇ ಕಣಕುಂಬಿ ದಾಟಬಹುದು.